ಕೋಟಿನೊಳಗಿನ ಬ್ಯಾಗು

ಜನವರಿ ೬, ಸೋಮವಾರ

ಹಸು ಕರೆದು ಬರುವಷ್ಟರಲ್ಲಿ ಅಂಗಳದಲ್ಲಿ ಆಗಲೇ ಜನ. ಒಬ್ಬನಿಗೆ ಹಲ್ಲುನೋವು. ಒಬ್ಬಳಿಗೆ ಬಿ.ಪಿ. ನೋಡಿಸಬೇಕು. ಮಗು ಎತ್ತಿಕೊಂಡು ಇನ್ನಿಬ್ಬರು. ದವಾಖಾನೆ ಒಂಬತ್ತಕ್ಕೆ ತೆಗೆಯುತ್ತದೆ ಅಂತ ಎಲ್ಲರಿಗೂ ಗೊತ್ತು, ಆದರೂ ಮನೆಗೇ ಬರುತ್ತಾರೆ. ಅಪಾ ಹಿಟ್ಟಿನ ಕೈ ತೊಳೆದುಕೊಂಡು ಒಬ್ಬೊಬ್ಬರನ್ನೇ ನೋಡಿದರು. ಹಲ್ಲುನೋವಿನವನು ಇಂಜೆಕ್ಷನ್ನಿಗೆ ಪ್ಯಾಂಟು ಇಳಿಸಲು ನಾಚಿದ.

"ಏನೋ ನಾಚ್ಕೋತೀಯ! ಈ ಊರಿನವರ ಮುಖ ಮರೆತ್ರೂ ಹಿಂಭಾಗ ಮರೆಯಲ್ಲ ನಾನು. ನೀನಂತೂ ಹುಟ್ಟುವಾಗ ಅದನ್ನೇ ಮೊದಲು ತೋರಿಸ್ದೋನು, ಉಲ್ಟಾ ಬಂದಿದ್ದೆ."

ಎಲ್ಲರೂ ನಕ್ಕರು. ಅವನೂ.

ಅಪಾ ಅಂದರೆ ನನ್ನ ಅತ್ತೆ. ಊರಿಗೆಲ್ಲ ಡಾಕ್ಟರಕ್ಕ. ಡಾಕ್ಟರಲ್ಲ, ನರ್ಸು. ಡಾಕ್ಟರು ಇರುವುದು ಘಾಟಿಯ ಆಚೆ. ಹಿಮ ಬಿದ್ದರೆ ಅಲ್ಲಿಯೂ ಇಲ್ಲದ ಹಾಗೆ.

ಈ ಪುಸ್ತಕ ಕೊಟ್ಟವರೂ ಅವರೇ. "ನಾಲ್ಕನೇ ಕ್ಲಾಸಿಗೆ ಬಿಟ್ಟೋಳು, ಕೈ ಜಡ್ಡುಗಟ್ಟಿದೆ. ದಿನಾ ಒಂದಿಷ್ಟು ಬರಿ. ಮುಂದೆ ಲಸಿಕೆ ಹಾಕೋವಾಗ ಮಕ್ಕಳ ಹೆಸರು ಬರ್ಕೊಡೋಕೆ ಆಗ್ತೀಯ. ನಾನು ಓದಲ್ಲ, ಆಣೆ." ಓದುವುದಿಲ್ಲ ಅಂತ ನನಗೂ ಗೊತ್ತು. ಅವರಿಗೆ ಕೂರಲು ಹೊತ್ತೆಲ್ಲಿದೆ.

ಚಹಾಕ್ಕೆ ನೀರಿಟ್ಟಾಗ ಊರಿನ ಹಿರಿಯರು ಗೇಟಿನ ಹತ್ತಿರ ಬಂದು ನಿಂತರು. ಮೂರು ಜನ, ಬಿಳಿ ಗಡ್ಡ. ಒಳಗೆ ಬರಲಿಲ್ಲ. ಅಪಾ ಗೂಟದಿಂದ ಬ್ಯಾಗು ತೆಗೆದುಕೊಂಡರು, ಅದನ್ನು ಕೋಟಿನೊಳಗೆ ಇಟ್ಟು ಗುಂಡಿ ಹಾಕಿದರು. ಮೇಲಿನ ಗುಂಡಿ ಸೇರಲಿಲ್ಲ.

"ಯಾರ ಮನೆ?" ಅಂದರು ಬಾಗಿಲಲ್ಲಿ.

"ತುರ್ದುಗುಲ್."

ಹೋದರು. ಚಹಾ ಹಾಗೇ ಆರಿತು.

ಜನವರಿ ೭

ನಿನ್ನೆ ಅಪಾ ಬಂದವರೇ ಮಲಗಿಬಿಟ್ಟರು. ಇವತ್ತು ಉಣ್ಣೆ ಹಿಂಜುತ್ತಾ ತಾವಾಗಿಯೇ ಹೇಳಿದರು.

ತುರ್ದುಗುಲ್‌ಗೆ ಗಂಡನಿಲ್ಲ. ರಷ್ಯಾಕ್ಕೆ ದುಡಿಯಲು ಹೋದ ಮಗ ಅಲ್ಲೇ ಲಾರಿ ಅಪಘಾತದಲ್ಲಿ ಹೋದ. ಊರಿಗೆಲ್ಲ ಮೂರು ದಿನದಿಂದ ಗೊತ್ತಿತ್ತು. ಅವಳಿಗೆ ಮಾತ್ರ ಗೊತ್ತಿರಲಿಲ್ಲ. ನಮ್ಮಲ್ಲಿ ಸಾವನ್ನು ಫೋನಲ್ಲಿ ಹೇಳುವುದಿಲ್ಲ, ಹೆಣ ಊರ ಹತ್ತಿರ ಬರುವವರೆಗೆ ಹೇಳುವುದಿಲ್ಲ. ಬಂದ ಮೇಲೆ ಹಿರಿಯರು ಬೆಳಗ್ಗೆ ಹೋಗಿ ಹೇಳಬೇಕು. ಜೊತೆಗೆ ನರ್ಸು ಇರಬೇಕು, ಕೇಳಿದವರ ಎದೆ ನಿಂತರೆ ಅಂತ.

"ನನ್ನ ಬ್ಯಾಗು ಕಂಡ್ರೆ ನಾಯಿಗೂ ಗೊತ್ತಾಗತ್ತೆ ಜಿಪಾರ್. ಅದಕ್ಕೇ ಕೋಟಿನೊಳಗೆ ಮುಚ್ಕೊಳ್ಳೋದು. ಮೊದ್ಲು ಕೂರಿಸ್ಬೇಕು. ಬಿ.ಪಿ. ನೋಡ್ತೀನಿ ಬಾ ಅಂತ ಪಟ್ಟಿ ತೋಳಿಗೆ ಸುತ್ತಬೇಕು. ಆಮೇಲೆ ಹಿರಿಯರು ಮಾತು ತೆಗೀಬೇಕು. ಹದ್ದು ಹಾರಿತು, ಕೊಂಬೆ ಬಾಗಿತು, ಹೀಗೆ ಸುತ್ತಿ ಬಳಸಿ."

ನಿನ್ನೆ ಹದ್ದಿನ ಮಾತು ಮುಗಿಯುವ ಮುಂಚೆಯೇ ತುರ್ದುಗುಲ್‌ಗೆ ತಿಳಿಯಿತಂತೆ. ಅಪಾ ಅವರ ತಲೆವಸ್ತ್ರ ಹಿಡಿದು ಎಳೆದಳಂತೆ. "ನಿಂಗೆ ಗೊತ್ತಿತ್ತು! ಮೊನ್ನೆ ನನ್ನ ಮನೇಲಿ ಕೂತು ಚಹಾ ಕುಡಿದೆ! ನಿಂಗೆ ಗೊತ್ತಿತ್ತು!"

"ನೀವೇನಂದ್ರಿ ಅಪಾ?"

"ಏನನ್ಲಿ? ಗೊತ್ತಿತ್ತು. ಕುಡಿದೆ."

ಸ್ವಲ್ಪ ಹೊತ್ತು ಉಣ್ಣೆ ಹಿಂಜಿದರು.

"ಮೂರು ದಿನ ಅವಳ ಪಾಲಿಗೆ ಅವನು ಬದುಕಿದ್ದ. ಅದು ಬಿಟ್ರೆ ಆ ನೋವಿಗೆ ನನ್ನ ಬ್ಯಾಗಲ್ಲಿ ಇನ್ನೇನಿದೆ, ಹೇಳು?"

ಜನವರಿ ೧೦, ಶುಕ್ರವಾರ

ಫೋನಿನ ದಿನ. ನಾಲ್ಕು ಗಂಡುಮಕ್ಕಳೂ ರಷ್ಯಾದಿಂದ ಒಬ್ಬರಾದ ಮೇಲೆ ಒಬ್ಬರು ಮಾಡುತ್ತಾರೆ.

ಅಪಾ ಒಂಬತ್ತು ಹೆತ್ತವರು. ಉಳಿದದ್ದು ಏಳು. ಇಬ್ಬರು ಹೆಣ್ಣುಮಕ್ಕಳು ದೂರದ ಊರುಗಳಲ್ಲಿ. ಗಂಡು ಐವರು. ಕೊನೆಯವರು ನಮ್ಮವರು. ಕಿರಿಯ ಮಗ ಮನೆಯಲ್ಲಿ ಇರಬೇಕು ಅನ್ನುವುದು ಪದ್ಧತಿ, ಅದಕ್ಕೆ ನಾವು ಇಲ್ಲಿ. ಅವರು ಚಳಿಗಾಲವೆಲ್ಲ ಬೆಟ್ಟದ ಕುರಿಹಟ್ಟಿಯಲ್ಲಿ. ಮನೆಯಲ್ಲಿ ಅಪಾ, ಮಾವ, ನಾನು, ದೊಡ್ಡ ಭಾವನ ಮಕ್ಕಳು. ಸರ್ಕಾರ ಅಪಾ ಅವರಿಗೆ ವೀರಮಾತೆ ಅಂತ ಪದಕ ಕೊಟ್ಟಿದೆ. ಅದನ್ನು ಐಬಿಕೆ ಸ್ವೆಟರಿಗೆ ಚುಚ್ಚಿಕೊಂಡು ಕೋಳಿ ಅಟ್ಟುತ್ತಾಳೆ. ಐಬಿಕೆ ದೊಡ್ಡ ಭಾವನ ಮಗಳು, ಏಳು ವರ್ಷ.

ಗಂಡನ ಹೆಸರು, ಗಂಡನಿಗಿಂತ ಹಿರಿಯರ ಹೆಸರು ಸೊಸೆಯ ಬಾಯಲ್ಲಿ ಬರಬಾರದು. ಬೇರೆ ಹೆಸರು ಕಟ್ಟಿಕೊಳ್ಳಬೇಕು. ನಾನು ಕಟ್ಟಿದ್ದು: ದೊಡ್ಡ ಭಾವ, ಲಾರಿ ಭಾವ, ಬಿಳಿ ಭಾವ. ನಾಲ್ಕನೆಯವರು ಕೀಟಲೆ ಭಾವ. ಇಲ್ಲಿಯೂ ಹೆಸರು ಬರೆಯುವುದಿಲ್ಲ. ಗೆರೆ ಎಳೆಯುತ್ತೇನೆ.

ಕೀಟಲೆ ಭಾವನಿಗೆ ಇನ್ನೂ ಮದುವೆಯಿಲ್ಲ. ಪ್ರತಿ ಶುಕ್ರವಾರ ಒಂದೇ ಆಟ.

"ಜಿಪಾರ್, ಒಂದೇ ಒಂದ್ಸಲ ನನ್ನ ಹೆಸರು ಹೇಳು. ಹೊಲಿಗೆ ಮಿಷನ್ ತಂದ್ಕೊಡ್ತೀನಿ."

"ಹೇಳಲ್ಲ."

"ಸರಿ, ಮನೆಗೆ ಬೆಂಕಿ ಬಿದ್ದಿದೆ. ನಾನು ಒಳಗೆ ಗೊರಕೆ ಹೊಡೀತಿದ್ದೀನಿ. ಏನಂತ ಕೂಗ್ತೀಯ?"

"ಕೀಟಲೆ ಭಾವಾ, ಏಳಿ ಅಂತ."

"ಅಷ್ಟು ಉದ್ದ ಕೂಗೋವಷ್ಟರಲ್ಲಿ ನಾನು ಕರಕಲು!"

"ಬಿಡ್ತು ಅನ್ನೋ ಮುಂಡೇದೆ!" ಅಂತ ಅಪಾ ಫೋನಿನ ಗಾಜಿನ ಮೇಲೆ, ಅದರಲ್ಲಿ ಕಾಣುವ ಭಾವನ ಮುಖದ ಮೇಲೇ, ಬೆರಳಿಂದ ತಟ್ಟಿದರು. "ಬಿಡ್ತು ಬಿಡ್ತು," ಅಂದು ನಕ್ಕರು ಭಾವ. ತಲೆಯ ಮೇಲೆ ಕೆಲಸದ ಹಳದಿ ಟೋಪಿ. ಹಿಂದೆ ಗಾಳಿ.

ಫೋನ್ ಇಟ್ಟ ಮೇಲೆ ಅಪಾ ಕೀಟಲೆ ಭಾವ ಹುಟ್ಟಿದ ಕಥೆ ಹೇಳಿದರು. ಎಷ್ಟು ಸಲ ಹೇಳಿದರೂ ಮುಖ ಬೆಳಗುತ್ತದೆ. ಮಾರ್ಚ್ ತಿಂಗಳು, ಮೊಣಕಾಲುದ್ದ ಹಿಮ. ಕೆಳಗಿನ ಊರಲ್ಲಿ ಒಬ್ಬಳಿಗೆ ಹೆರಿಗೆ ನೋವು ಅಂತ ಕರೆ ಬಂತು. ಅಪಾ ಅವರಿಗೂ ತುಂಬಿದ ತಿಂಗಳು. ಹೋಗುವ ದಾರಿಯಲ್ಲಿ ಯಾರದೋ ಕುರಿಹಟ್ಟಿಯಲ್ಲಿ ಅವರಿಗೇ ಆಯಿತು. ಒಬ್ಬರೇ. ಕೋಟಿನ ಅಂಚಿನ ದಾರ ಬಿಚ್ಚಿ ಹೊಕ್ಕುಳಬಳ್ಳಿ ಕಟ್ಟಿದರು. ಮಗುವನ್ನು ಎದೆಗೆ ಸುತ್ತಿ ಕೋಟಿನ ಗುಂಡಿ ಹಾಕಿಕೊಂಡು ಕೆಳಗಿನ ಊರಿಗೆ ಹೋಗಿ ಆ ಹೆರಿಗೆಯನ್ನೂ ಮಾಡಿಸಿ ಬಂದರು.

"ಅವತ್ತೂ ಮೇಲಿನ ಗುಂಡಿ ಸೇರ್ಲಿಲ್ಲ," ಅಂದರು.

ಮಾವ ಮೂಲೆಯಿಂದ, "ಈ ಮುದುಕಿ ಆ ಕಥೆ ಹೇಳಿದ ಹಾಗೆಲ್ಲ ಹಿಮ ಒಂದು ಗೇಣು ಜಾಸ್ತಿ ಆಗತ್ತೆ. ನಾನು ಹೋಗಿ ನೋಡಿದಾಗ ಪಾದದಷ್ಟಿತ್ತು."

"ನೀನು ಬಂದಿದ್ದು ಎರಡು ದಿನ ಬಿಟ್ಟು. ಕರಗಿತ್ತು."

ಜನವರಿ ೧೪, ಮಂಗಳವಾರ, ಮಧ್ಯಾಹ್ನ

ದೊಡ್ಡ ಭಾವನ ಫೋನು. ಮಂಗಳವಾರ ಯಾರೂ ಮಾಡುವುದಿಲ್ಲ.

ಅಮ್ಮ ಇದ್ದಾರಾ ಅಂದರು. ದವಾಖಾನೆಗೆ ಹೋಗಿದ್ದಾರೆ. ತಮ್ಮ? ಹಟ್ಟಿಯಲ್ಲಿ. ಅಪ್ಪ? ಮಲಗಿದ್ದಾರೆ. ಆಮೇಲೆ ಅಳು. ಗಂಡಸು ಹಾಗೆ ಅಳುವುದನ್ನು ಕೇಳಿರಲಿಲ್ಲ.

"ನಮ್ಮ —" ಅಂದರು. ಹೆಸರು ಹೇಳಿದರು. ಕಟ್ಟಡದ ಮೇಲಿಂದ. ಹಲಗೆಯ ಮೇಲೆ ಮಂಜು ಗಟ್ಟಿಯಾಗಿತ್ತಂತೆ. ಆಸ್ಪತ್ರೆಗೆ ಒಯ್ಯುವಷ್ಟು ಕೂಡ—

ಕೀಟಲೆ ಭಾವ.

ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು. ನೋಡುತ್ತಾ ನಿಂತೆ.

ಸಂಜೆ

ಚಿಕ್ಕಮಾವನ ಮನೆಗೆ ಓಡಿ ಹೋಗಿ ಹೇಳಿದೆ. ಅವರು ಮಾವನ ತಮ್ಮ, ಊರಿನ ಹಿರಿಯರಲ್ಲಿ ಒಬ್ಬರು. ಗೋಡೆ ಹಿಡಿದು ಕೂತರು. ಎದ್ದ ಮೇಲೆ ಬೇರೆಯೇ ಮನುಷ್ಯ.

"ಕೇಳಿಲ್ಲಿ. ಹೋದ ಬೇಸಿಗೆ ಅತ್ತಿಗೆ ಬಿ.ಪಿ. ಏರಿ ಬಿದ್ದು ಅರ್ಧ ದಿನ ಮಾತಿರಲಿಲ್ಲ. ಇನ್ನೊಂದ್ಸಲ ಹಾಗಾದ್ರೆ ಉಳಿಯಲ್ಲ ಅಂದಿದ್ದಾರೆ ಡಾಕ್ಟ್ರು. ಅಣ್ಣನ ಎದೆ ಎಂಥದು ನಿಂಗೇ ಗೊತ್ತು. ಆ ಹುಡುಗನ ಹೆಣ ಘಾಟಿ ದಾಟಿ ಬರೋವರೆಗೆ ನಿನ್ನ ಬಾಯಿಂದ ಒಂದು ಮಾತು ಬಿದ್ರೆ ಎರಡು ಹೆಣ ನಿನ್ನ ತಲೆ ಮೇಲೆ. ಅಳ್ಬೇಡ. ಅತ್ರೆ ಕಣ್ಣು ಊದ್ಕೊಳ್ಳತ್ತೆ, ಅವಳು ನರ್ಸು. ಮುಖ ತೊಳ್ಕೊಂಡು ಹೋಗು."

ನಮ್ಮವರಿಗೆ ಅವರೇ ಹೇಳಿದರು. ನಮ್ಮವರು ಹಟ್ಟಿಯಿಂದ ನೇರ ರಾಜಧಾನಿಗೆ ಹೊರಟರು, ವಿಮಾನ ಬರುವ ಕಡೆ. ಅವರಿನ್ನೂ ಹಟ್ಟಿಯಲ್ಲೇ ಇದ್ದಾರೆ ಅಂತ ಅಪಾ ಅಂದುಕೊಂಡಿದ್ದಾರೆ. ಕೆನೆ, ಒಣಮೊಸರಿನ ಉಂಡೆ ಕಟ್ಟಿಟ್ಟಿದ್ದಾರೆ, ಯಾರಾದರೂ ಮೇಲೆ ಹೋದರೆ ಕೊಟ್ಟು ಕಳಿಸು ಅಂತ.

ಮುಖ ತೊಳೆದುಕೊಂಡು ಬಂದೆ.

ಜನವರಿ ೧೫

ಬೆಳಗ್ಗೆ ಅಪಾ ಅವರ ಎದುರು ಚಹಾ ಕುಡಿಯಲು ಕೂತೆ. ಬಟ್ಟಲು ಎತ್ತಿದೆ. ಇಳಿಯಲಿಲ್ಲ. ಹೊರಗೆ ಓಡಿ ವಾಂತಿ ಮಾಡಿದೆ. ಹಿಂದೆಯೇ ಬಂದು ಬೆನ್ನು ಸವರಿದರು. ನಾಡಿ ಹಿಡಿದರು. ಕಣ್ಣಿನ ಕೆಳಗೆ ಎಳೆದು ನೋಡಿದರು.

"ಎಷ್ಟು ದಿನದಿಂದ?"

"ನಿನ್ನೆಯಿಂದ."

"ತಿಂಗಳಿನದು?"

ತಲೆ ತಗ್ಗಿಸಿದೆ. ದಿನ ಮೀರಿತ್ತು, ನಿಜ. ಅವರ ಮುಖದಲ್ಲಿ ಅದು ಹೇಗೆ ಹರಡಿತು ಅಂದರೆ... ಮದುವೆಯಾಗಿ ಎರಡು ವರ್ಷ. ಒಂದು ದಿನವೂ ಒಂದು ಮಾತು ಆಡಿದವರಲ್ಲ.

"ಯಾರಿಗೂ ಹೇಳ್ಬೇಡ, ದೃಷ್ಟಿಯಾಗತ್ತೆ," ಅಂದರು. ಮತ್ತೆ ತಾವೇ, "ಶುಕ್ರವಾರ — ಗೆ ಮಾತ್ರ ಹೇಳೋಣ. ಅವನು ಕುಣಿದಾಡ್ತಾನೆ. ಹೆಸರು ನಾನೇ ಇಡ್ತೀನಿ ಅಂತ ಆಗ್ಲೇ ಹೇಳಿಟ್ಟಿದ್ದಾನೆ."

ಹಸುವಿನ ಹತ್ತಿರ ಹೋಗಿ ಅದರ ಹೊಟ್ಟೆಗೆ ಹಣೆ ಒತ್ತಿ ನಿಂತೆ.

ಜನವರಿ ೧೬, ಗುರುವಾರ

ಗುರುವಾರ ಸಂಜೆ ಸತ್ತವರಿಗಾಗಿ ಎಣ್ಣೆಯ ವಾಸನೆ ಎಬ್ಬಿಸಬೇಕು. ಹಿಟ್ಟಿನ ಸಣ್ಣ ತುಂಡು ಕರಿಯುತ್ತೇವೆ. ಆ ವಾಸನೆ ಅವರಿಗೆ ಮುಟ್ಟುತ್ತದೆ. ನಾನು ಕರಿದೆ. ಅಪಾ ಅಂಗೈ ಎತ್ತಿ ಒಬ್ಬೊಬ್ಬರ ಹೆಸರು ಹೇಳಿದರು. ತಮ್ಮ ತಾಯಿ. ತಂದೆ. ಉಳಿಯದೆ ಹೋದ ಎರಡು ಮಕ್ಕಳು. ತುರ್ದುಗುಲ್‌ನ ಮಗನನ್ನೂ ಸೇರಿಸಿದರು. "ಇನ್ನ್ಯಾರು?" ಅಂತ ಯೋಚಿಸಿದರು. "ಇಲ್ಲ, ಇಷ್ಟೇ," ಅಂದು ಮುಖ ಸವರಿಕೊಂಡರು.

ನಾನು ಇನ್ನೊಂದು ತುಂಡು ಎಣ್ಣೆಗೆ ಬಿಟ್ಟೆ.

"ಸಾಕಲ್ಲೇ, ಎಷ್ಟು ಕರೀತೀಯ?"

"ಐಬಿಕೆಗೆ," ಅಂದೆ.

ಮಧ್ಯಾಹ್ನ ಇನ್ನೊಂದಾಯಿತು. ಪಕ್ಕದ ಮನೆಯ ಬೇಲಿಯ ಮೇಲೆ ಗುಡಾರದ ಉಣ್ಣೆ ಹೊದಿಕೆಗಳನ್ನು ಹರವಿ ಬಡಿಯುತ್ತಿದ್ದರು. ಹೆಣವನ್ನು ಮನೆಯೊಳಗೆ ಇಡುವುದಿಲ್ಲ, ಅಂಗಳದಲ್ಲಿ ಗುಡಾರ ಹಾಕಿ ಇಡುತ್ತೇವೆ. ಅದಕ್ಕೆ ತಯಾರಿ. ನಮ್ಮ ಅಂಗಳಕ್ಕೆ. ಅಪಾ ಅದನ್ನು ಕಂಡು ಸಿಡಿದರು.

"ನಾಚಿಕೆ ಇಲ್ವಾ ನಿಮಗೆ? ಕಲ್ಮುರ್ಜಾ ಅಜ್ಜ ಇನ್ನೂ ಉಸಿರಾಡ್ತಿದ್ದಾರೆ! ನಿನ್ನೆ ನನ್ನ ಕೈಯಾರೆ ಇಂಜೆಕ್ಷನ್ ಕೊಟ್ಟು ಬಂದಿದ್ದೀನಿ. ಅವರ ಕಿವಿಗೆ ಬಿದ್ರೆ ಏನಂದ್ಕೋತಾರೆ?"

ಕಲ್ಮುರ್ಜಾ ಅಜ್ಜ ಊರಿಗೇ ಹಿರಿಯರು. ಎದೆಯಲ್ಲಿ ನೀರು, ಹಾಸಿಗೆ ಹಿಡಿದು ಒಂದು ತಿಂಗಳು. ಇವತ್ತೋ ನಾಳೆಯೋ ಅಂತ ಎಲ್ಲರೂ ಕಾಯುತ್ತಿದ್ದಾರೆ. ಬೇಲಿಯ ಹತ್ತಿರ ಇದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಳು ತಲೆವಸ್ತ್ರದ ಅಂಚಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಅಪಾ ಅದನ್ನೂ ನಾಚಿಕೆ ಅಂದುಕೊಂಡರು.

ಜನವರಿ ೧೭, ಶುಕ್ರವಾರ

ಫೋನಿನ ದಿನ.

ಚಿಕ್ಕಮಾವ ಬೆಳಗ್ಗೆ ಗೇಟಿನಲ್ಲೇ ನಿಂತು, "ಇವತ್ತು ಫೋನು ಇರ್ಬಾರ್ದು" ಅಂದರು. ಅಷ್ಟೇ. ಹೇಗೆ ಅಂತ ಹೇಳಲಿಲ್ಲ. ಹಾಲು ಕರೆಯಲು ಹೋಗುವಾಗ ಜೇಬಿನಲ್ಲಿ ಇಟ್ಟುಕೊಂಡೆ. ಬಕೆಟ್ ತುಂಬಿದ ಮೇಲೆ ಅದರಲ್ಲಿ ಬಿಟ್ಟೆ. ಮುಳುಗಿತು. ಗಾಜಿನ ಬೆಳಕು ಹಾಲಿನೊಳಗೆ ಸ್ವಲ್ಪ ಹೊತ್ತು ಇತ್ತು.

"ಜಾರಿ ಬಿತ್ತು ಅಪಾ."

ಬೈಯಲಿಲ್ಲ. "ಬಸುರಿ ಕೈ, ಹಿಡಿತ ಇರಲ್ಲ," ಅಂದರು. ಫೋನು ಒರೆಸಿ ಹಿಟ್ಟಿನ ಡಬ್ಬಿಯೊಳಗೆ ಹೂತಿಟ್ಟರು, ಒಣಗಲಿ ಅಂತ. ದಿನವಿಡೀ ಬಂದು ಬಂದು ತೆಗೆದು ನೋಡಿದರು.

"ಹುಡುಗರು ಗಾಬರಿ ಆಗ್ತಾರೆ. ನಿಮ್ಮ ಚಿಕ್ಕಮಾವನ ಫೋನಿಂದ ಮಾಡೋಣ."

"ಘಾಟೀಲಿ ಹಿಮ ಬಿದ್ದು ಸಿಗ್ನಲ್ ಇಲ್ವಂತೆ ಅಪಾ."

ಸುಳ್ಳು ಈಗ ತಾನಾಗಿಯೇ ಬರುತ್ತದೆ. ಮೊದಲು ನಾಲಗೆ ಒಣಗುತ್ತಿತ್ತು.

ಜನವರಿ ೧೮

ಅಪಾ ಅವರ ಜೊತೆ ಕಲ್ಮುರ್ಜಾ ಅಜ್ಜನ ಮನೆಗೆ ಹೋದೆ. ಅಪಾ ಸಿರಿಂಜಿಗೆ ನೀರು ಕಾಯಿಸಲು ಅಡುಗೆಮನೆಗೆ ಹೋದಾಗ ಅಜ್ಜ ಕಣ್ಣು ತೆರೆದು ನನ್ನನ್ನು ಹತ್ತಿರ ಕರೆದರು.

"ಗುಡಾರ ನನಗೆ ಅಂದ್ಕೊಂಡಿದ್ದಾಳಾ?"

ತಲೆಯಾಡಿಸಿದೆ.

"ಅಂದ್ಕೊಳ್ಳಲಿ. ಬೇಕಾದ್ರೆ ಜೋರಾಗಿ ಕೆಮ್ಮುತೀನಿ." ಕೆಮ್ಮಿದರು. ಕೆಮ್ಮಲು ಹೋಗಿ ನಿಜವಾಗಿ ಕೆಮ್ಮು ಬಂದು ಒದ್ದಾಡಿದರು. ಉಸಿರು ಸಿಕ್ಕ ಮೇಲೆ ಅಂದರು, "ಎಂಬತ್ತಾರು ವರ್ಷದವನು ಇಲ್ಲಿ ದಾರಿ ಕಾಯ್ತಾ ಮಲಗಿದ್ದೀನಿ, ಆ ಪ್ರಾಣ ಒಯ್ಯೋನು ಬಂದು ಆ ಹುಡುಗನ್ನ ಕರ್ಕೊಂಡು ಹೋದ. ಕುರುಡನೇ ಇರ್ಬೇಕು."

ಅಪಾ ಬಂದರು. "ಏನಜ್ಜ, ನನ್ನ ಸೊಸೆ ಹತ್ರ ಗುಟ್ಟು?"

"ನಿನ್ನ ಸೊಸೇನ ನನಗೆ ಕೊಡು ಅಂತಿದ್ದೆ ಮಗಳೇ. ನಿನ್ನ ಕೈ ಸೂಜಿ ಬಹಳ ಉರಿಯತ್ತೆ."

ನಕ್ಕರು ಅಪಾ. ಅಜ್ಜ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಜನವರಿ ೨೧, ಮಂಗಳವಾರ

ಎರಡು ದಿನ ಬರೆಯಲಿಲ್ಲ. ಪುಸ್ತಕ ತೆಗೆದರೆ ಅಪಾ, "ಬರಿ ಬರಿ, ಒಳ್ಳೇದು" ಅನ್ನುತ್ತಾರೆ. ಆ ಮುಖ ನೋಡಿ ಮುಚ್ಚಿಡುತ್ತಿದ್ದೆ.

ಹೆಣದ ಪೆಟ್ಟಿಗೆ ರಾಜಧಾನಿಗೆ ಬಂದಿದೆ. ದೊಡ್ಡ ಭಾವ ಜೊತೆಗೆ ಬಂದಿದ್ದಾರೆ. ಘಾಟಿ ಮುಚ್ಚಿದೆ. ಈ ಕಡೆ ಅಪಾ, ಆ ಕಡೆ ಅವರು, ನಡುವೆ ಹಿಮ. ಊರಿನವರೆಲ್ಲ ಬೆಳಗ್ಗೆ ಎದ್ದು ಮೊದಲು ಬೆಟ್ಟ ನೋಡುತ್ತಾರೆ. ಅಪಾ ಕೂಡ ನೋಡುತ್ತಾರೆ. "ಘಾಟಿ ತೆರೆದ್ರೆ ಮಕ್ಕಳ ಲಸಿಕೆ ಬರತ್ತೆ," ಅನ್ನುತ್ತಾರೆ.

ನನಗೆ ಇವತ್ತು ಬೆಳಗ್ಗೆ ತಿಂಗಳಿನದು ಬಂತು. ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಬಟ್ಟೆಯನ್ನು ಹಿಮದಲ್ಲಿ ತಿಕ್ಕಿ ಕೊಟ್ಟಿಗೆಯ ಹಿಂದೆ ಒಣಗಲು ಹಾಕಿದೆ.

ಒಳಗೆ ಬಂದರೆ ಅಪಾ ಹಳೆಯ ಪೆಟ್ಟಿಗೆಯಿಂದ ಮಗುವಿನ ಅಂಗಿ ತೆಗೆದು ಬೆಳಕಿಗೆ ಹಿಡಿದಿದ್ದರು. ಚಿಕ್ಕದು, ಹಳದಿಗಟ್ಟಿದ್ದು. "ಇದು — ದು. ಆ ಹಿಮದಲ್ಲಿ ಬಂದೋನು ಮೊದಲು ಹಾಕ್ಕೊಂಡಿದ್ದು. ನಿನ್ನದಕ್ಕೂ ಇದನ್ನೇ ಹಾಕೋಣ, ಗಟ್ಟಿ ಜೀವ ಆಗತ್ತೆ."

ಹೇಳಬೇಕು ಅನ್ನಿಸಿತು. ಎರಡನ್ನೂ. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅವರು ಕಪಾಟು ಹಿಡಿದು ನಿಂತರು, ಕಣ್ಣು ಮುಚ್ಚಿಕೊಂಡು.

"ಏನಾಯ್ತು ಅಪಾ?"

"ಏನಿಲ್ಲ, ಬಗ್ಗಿ ಎದ್ದೆ ನೋಡು. ತಲೆ ತಿರುಗ್ತು."

ಬಾಯಿ ಮುಚ್ಚಿಕೊಂಡೆ.

ಜನವರಿ ೨೨

ತುರ್ದುಗುಲ್ ಬಂದಳು. ಮಗ ಹೋದ ಮೇಲೆ ಮೊದಲ ಸಲ ಮನೆಯಿಂದ ಹೊರಗೆ ಬಂದಿದ್ದಾಳೆ. ತಲೆಗೆ ಕಪ್ಪು ವಸ್ತ್ರ. ಅಪಾ ಎದ್ದು ಬಾಗಿಲವರೆಗೆ ಹೋದರು.

"ಕೋಪ ಇದ್ರೆ ಬಯ್ಯಮ್ಮ. ನಿಂತೇ ಬಯ್ಯಬೇಡ, ಕೂತು ಬಯ್ಯಿ."

"ಬಯ್ಯೋಕೆ ಬಂದಿಲ್ಲ ಅಕ್ಕ. ಚಹಾ ಕುಡಿಯೋಣ ಅಂತ ಬಂದೆ."

ನಾನು ಚಹಾ ಮಾಡಿದೆ. ಇಬ್ಬರೂ ಕೂತು ಕುಡಿದರು. ತುರ್ದುಗುಲ್ ಒಂದು ಬಟ್ಟಲು ಮುಗಿಸಿ ಇನ್ನೊಂದು ಕೇಳಿದಳು. ಅದು ಮುಗಿಸಿ ಇನ್ನೊಂದು. ಕುಡಿಯುತ್ತಾ ಅಪಾ ಅವರ ಮುಖವನ್ನೇ ನೋಡುತ್ತಿದ್ದಳು. ಹೋಗುವಾಗ ನಾನು ಗೇಟಿನವರೆಗೆ ಬಿಡಲು ಹೋದೆ. ನನ್ನ ಮಣಿಕಟ್ಟು ಹಿಡಿದಳು, ನೋಯುವ ಹಾಗೆ.

"ಕುಡಿಯೋದು ಎಷ್ಟು ಕಷ್ಟ ಅಂತ ಗೊತ್ತಿರಲಿಲ್ಲ ಕಣೆ ನಂಗೆ," ಅಂದಳು.

ಒಳಗೆ ಅಪಾ ಬಟ್ಟಲು ತೊಳೆಯುತ್ತಾ ಹಗುರಾಗಿದ್ದರು. "ನೋಡಿದ್ಯಾ, ಅವಳಾಗೇ ಬಂದ್ಲು. ನನ್ನ ಮನಸ್ಸಿಂದ ಒಂದು ಕಲ್ಲು ಇಳೀತು."

ಜನವರಿ ೨೩, ಗುರುವಾರ

ಘಾಟಿ ತೆರೆಯಿತು.

ಚಿಕ್ಕಮಾವ ಬೇಲಿಯಾಚೆಯಿಂದ ಒಂದು ಬೆರಳು ಎತ್ತಿ ತೋರಿಸಿದರು. ನಾಳೆ ಬೆಳಗ್ಗೆ. ಮೇಲಿನ ಊರಿನ ನರ್ಸು ಗುಲ್ಸುನ್‌ಗೆ ಹೇಳಿ ಕಳಿಸಿದ್ದಾರಂತೆ. ಗುಲ್ಸುನ್‌ಗೆ ಕೆಲಸ ಕಲಿಸಿದ್ದು ಅಪಾ ಅವರೇ.

ಸಂಜೆ ಮತ್ತೆ ಎಣ್ಣೆ ಇಟ್ಟೆವು. ಮತ್ತೆ ಅದೇ ಹೆಸರುಗಳು. ಐಬಿಕೆ ಪದಕ ಚುಚ್ಚಿಕೊಂಡು ಪಕ್ಕದಲ್ಲಿ ಕೂತಿದ್ದಳು, ಬಿಸಿ ತುಂಡು ಕೈಯಿಂದ ಕೈಗೆ ಹಾರಿಸುತ್ತಾ. ಅಪಾ ಹಿಟ್ಟಿನ ಡಬ್ಬಿಯಿಂದ ಫೋನು ತೆಗೆದು ಗುಂಡಿ ಒತ್ತಿದರು. ಬೆಳಕು ಬಂತು! ಬಂದು ಹೋಯಿತು.

"ನಾಳೆಗೆ ಸರಿ ಹೋಗತ್ತೆ," ಅಂದರು. "ನಾಳೆ ಶುಕ್ರವಾರ ಅಲ್ವಾ."

ಜನವರಿ ೨೪, ಶುಕ್ರವಾರ, ಅಡುಗೆಮನೆಯಲ್ಲಿ

ದೊಡ್ಡ ಹಂಡೆಯ ನೀರು ಕಾಯುವವರೆಗೆ ಬರೆಯುತ್ತೇನೆ. ಯಾರಾದರೂ ನೋಡಿದರೆ ನೋಡಲಿ.

ಬೆಳಕು ಹರಿಯುವಾಗ ಬಂದರು. ಗೇಟಿನ ಹತ್ತಿರ ನಿಂತರು, ಒಳಗೆ ಬರಲಿಲ್ಲ. ಅಪಾ ಕಿಟಕಿಯಿಂದ ಕಂಡರು. ಹಿಟ್ಟಿನ ಕೈ ತೊಳೆದರು. ಗೂಟದಿಂದ ಬ್ಯಾಗು ತೆಗೆದರು. ಕೋಟಿನೊಳಗೆ ಇಟ್ಟು ಗುಂಡಿ ಹಾಕಿದರು, ಮೇಲಿನದೊಂದು ಬಿಟ್ಟು. "ಪಾಪ ಅಜ್ಜ," ಅಂದರು. "ಈ ವಾರ ಕಳೀಲಿ ಅಂತಿದ್ದೆ."

ಅವರ ಹಿಂದೆ ಬಾಗಿಲವರೆಗೆ ಹೋದೆ.

"ಕಲ್ಮುರ್ಜಾ ಅಜ್ಜನ ಮನೆ ತಾನೆ?" ಅಂದರು ಮೆಟ್ಟಿಲು ಇಳಿಯುತ್ತಾ.

ಹಿರಿಯರು ಪಕ್ಕಕ್ಕೆ ಸರಿದರು. ಹಿಂದೆ ಕಲ್ಮುರ್ಜಾ ಅಜ್ಜ ನಿಂತಿದ್ದರು. ಕೋಲು ಊರಿಕೊಂಡು, ಮೊಮ್ಮಗನ ಭುಜ ಹಿಡಿದು, ಹಾಸಿಗೆಯಿಂದ ಎದ್ದು. ಎದೆ ಗೊರಗೊರ ಅನ್ನುವುದು ಬಾಗಿಲಿಗೇ ಕೇಳುತ್ತಿತ್ತು.

"ಅಯ್ಯೋ ಅಜ್ಜ, ನೀವ್ಯಾಕೆ ಎದ್ರಿ? ಯಾರು ಎಬ್ಬಿಸಿದ್ರು ಇವರನ್ನ?" ಅಂತ ಎರಡು ಹೆಜ್ಜೆ ಹೋದರು. ನಿಂತರು.

ಅಜ್ಜನ ಪಕ್ಕದಲ್ಲಿ ಗುಲ್ಸುನ್. ತಲೆ ತಗ್ಗಿಸಿದ್ದಳು. ಅವಳ ಕೋಟು ಒಂದು ಕಡೆ ಉಬ್ಬಿತ್ತು. ಮೇಲಿನ ಗುಂಡಿ ಸೇರಿರಲಿಲ್ಲ.

ಅಪಾ ಆ ಉಬ್ಬನ್ನು ನೋಡಿದರು. ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ತಿರುಗಿದರು. ಒಳಗೆ ಹೋದರು. ನಾನು ಬೀಳುತ್ತಾರೆ ಅಂದುಕೊಂಡು ಹಿಂದೆ ಓಡಿದೆ. ಬೀಳಲಿಲ್ಲ. ಮಾವನನ್ನು ಎಬ್ಬಿಸಿ ಗೋಡೆಗೆ ಒರಗಿಸಿ ಕೂರಿಸಿದರು. ಕೋಟಿನೊಳಗೆ ಕೈ ಹಾಕಿ ಬ್ಯಾಗಿನಿಂದ ಪಟ್ಟಿ ತೆಗೆದು ತೋಳಿಗೆ ಸುತ್ತಿದರು. ಪಟ್ಟಿಯ ರಬ್ಬರ್ ಉಂಡೆ ಒತ್ತಿ ಗಾಳಿ ತುಂಬಿದರು, ಬಿಟ್ಟರು, ನೋಡಿದರು. ಔಷಧದ ಸೀಸೆ ಮುರಿದು ಸಿರಿಂಜಿಗೆ ಎಳೆದು ಚುಚ್ಚಿದರು.

"ಏನೇ ಇದು? ಬೆಳಗ್ಗೆ ಬೆಳಗ್ಗೆ?" ಅಂದರು ಮಾವ, ಇನ್ನೂ ನಿದ್ದೆಗಣ್ಣಲ್ಲಿ.

"ಸುಮ್ನಿರು ಮುದುಕ. ನನ್ನ ಕೈ ಹಿಡ್ಕೋ."

ಅಷ್ಟರಲ್ಲಿ ಹಿರಿಯರು ಒಳಗೆ ಬಂದು ಸಾಲಾಗಿ ಕೂತಿದ್ದರು. ಚಿಕ್ಕಮಾವ ಗಂಟಲು ಸರಿಮಾಡಿಕೊಂಡರು. "ಅತ್ತಿಗೆ... ಎತ್ತರದ ಬಂಡೆಯಿಂದ ಹದ್ದೊಂದು ಹಾರಿತ್ತು..."

"ಹದ್ದು ಬೇಡ," ಅಂದರು ಅಪಾ. "ಎಷ್ಟೋ ಮನೇಲಿ ಕೇಳಿದ್ದೀನಿ ಆ ಹದ್ದಿನ ಕಥೆ. ಯಾವನು?"

ಚಿಕ್ಕಮಾವ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಐವರಿದ್ದಾರೆ ನನಗೆ. ಯಾವನು?"

ಚಿಕ್ಕಮಾವ ಅಳಲು ಶುರು ಮಾಡಿದರು. ಗುಲ್ಸುನ್ ಕೋಟಿನ ಗುಂಡಿ ಬಿಚ್ಚಲಾಗದೆ ಒದ್ದಾಡುತ್ತಿದ್ದಳು. ಅಪಾ ಒಬ್ಬೊಬ್ಬರ ಮುಖ ನೋಡುತ್ತಾ ಬಂದರು. ಕೊನೆಗೆ ನನ್ನ ಹತ್ತಿರ ನಿಂತರು. ಹಾಲಿನ ಬಕೆಟ್ಟು, ವಾಂತಿ, ಎಣ್ಣೆಗೆ ಬಿಟ್ಟ ಇನ್ನೊಂದು ತುಂಡು, ಎಲ್ಲ ಅವರ ಕಣ್ಣಲ್ಲಿ ಒಂದೊಂದಾಗಿ ಹಾದುಹೋಗುವುದು ಕಂಡೆ. ಕೊನೆಗೆ ನನ್ನ ಹೊಟ್ಟೆ ನೋಡಿದರು. ಅದೂ ತಿಳಿಯಿತು ಅವರಿಗೆ.

"ನೀನೂ ಚಹಾ ಕುಡಿದೆ," ಅಂದರು.

ಬೇರೆ ಏನಂದಿದ್ದರೂ ತಡೆದುಕೊಳ್ಳುತ್ತಿದ್ದೆ.

"ಗೊತ್ತಿತ್ತು ಅಪಾ. ಕುಡಿದೆ."

"ಹಾಗಾದ್ರೆ ನೀನೇ ಹೇಳು. ಯಾವನು?"

"ಕೀಟಲೆ—"

"ಅದಲ್ಲ. ಹೆಸರು ಹೇಳು. ನಾನಿಟ್ಟ ಹೆಸರು. ಹೇಳಿದ್ರೆ ನಂಬ್ತೀನಿ."

ಇಡೀ ಕೋಣೆ ನನ್ನನ್ನು ನೋಡುತ್ತಿತ್ತು. ಮಾವ ಕೂಡ. ಹಿರಿಯರೆದುರು ಎಂದೂ ಗಟ್ಟಿಯಾಗಿ ಮಾತಾಡಿದವಳಲ್ಲ ನಾನು. ಹೇಳಿದೆ. ಗಟ್ಟಿಯಾಗಿಯೇ ಬಂತು. ಬಾಗಿಲಲ್ಲಿ ನಿಂತ ಐಬಿಕೆ, "ಚಿಕ್ಕಮ್ಮ ಹೆಸರು ಹೇಳಿಬಿಟ್ಲು!" ಅಂದಳು.

ಅಪಾ ಕೂತರು. ಕೂತದ್ದಲ್ಲ, ನೆಲ ಮೇಲೆ ಬಂದ ಹಾಗೆ. ಕೋಟಿನ ಗುಂಡಿ ಒಂದೊಂದೇ ಬಿಚ್ಚಿ ಬ್ಯಾಗು ತೆಗೆದು ನನ್ನ ಮಡಿಲಿಗೆ ಇಟ್ಟರು. ತೋಳು ಚಾಚಿದರು. ಗುಲ್ಸುನ್ ಬಂದಳು, ಅವಳನ್ನು ಬೇಡ ಅಂದರು. ಮಾವನ ತೋಳಿನ ಪಟ್ಟಿ ಬಿಚ್ಚಿ ನಾನು ಸುತ್ತಿದೆ. ಸಡಿಲ ಆಯಿತು. "ಇನ್ನೂ ಬಿಗಿ," ಅಂದರು. "ಮೊಣಕೈಗಿಂತ ಮೇಲೆ. ಹಾಂ. ಈಗ ಒತ್ತು." ಒತ್ತಿದೆ. ಅವರ ಕೋಟಿನೊಳಗೆ, ಬ್ಯಾಗು ಇದ್ದ ಜಾಗದಲ್ಲಿ, ಅವರ ಇನ್ನೊಂದು ಕೈ ಏನನ್ನೋ ಹುಡುಕುತ್ತಿತ್ತು. "ಒತ್ತು ಮಗಳೇ," ಅಂದರು. ಆಮೇಲೆ ಆ ಕೂಗು ಬಂತು.

ಅಂಗಳದಲ್ಲಿ ಗುಡಾರದ ಕೋಲು ಇಳಿಸುತ್ತಿದ್ದಾರೆ. ಗಾಡಿ ಕೆಳಗಿನ ತಿರುವಿಗೆ ಬಂದಿದೆಯಂತೆ. ಅಪಾ ಹೆಸರು ಹಿಡಿದು ಅಳುತ್ತಿದ್ದಾರೆ. ತುರ್ದುಗುಲ್ ಅವರನ್ನು ತಬ್ಬಿ ಕೂತಿದ್ದಾಳೆ. ಎಲ್ಲರ ಬಾಯಲ್ಲೂ ಅದೇ ಹೆಸರು. ನಾನು ಒಂದೇ ಸಲ ಹೇಳಿದ್ದು.

ನೀರು ಕುದಿಯುತ್ತಿದೆ. ನನ್ನನ್ನು ಕರೆಯುತ್ತಿದ್ದಾರೆ.

ಹೇಳಿದೆ ಭಾವ. ಎಲ್ಲರ ಎದುರಿಗೇ ಹೇಳಿದೆ, ಕೇಳಿಸಿತಾ? ಇನ್ನು ನೀವು ಆ ಹೊಲಿಗೆ ಮಿಷನ್ನು—